ಇಂಜಿನ್ನಿಗೆ ಜ್ವರ

ಮಾರ್ಚ್ 3, ಸೋಮವಾರ

ಮನೆಯಲ್ಲಿ ಮಾತಾಡುವವಳು ನಾನೊಬ್ಬಳೇ ಆಗಿಬಿಟ್ಟಿದ್ದೇನೆ. ಅದಕ್ಕೇ ಈ ಬರವಣಿಗೆ. ಗೋಡೆಗೆ ಹೇಳುವ ಬದಲು ಕಾಗದಕ್ಕೆ ಹೇಳಿಕೊಂಡರೆ ತಲೆ ಕೆಟ್ಟಿದೆ ಎಂದು ಯಾರೂ ಅನ್ನುವುದಿಲ್ಲ.

ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಬಲಗೈ, ಬಲಗಾಲು ಸ್ವಲ್ಪ ಸ್ವಲ್ಪವಾಗಿ ಹೇಳಿದ ಹಾಗೆ ಕೇಳುತ್ತಿವೆ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿಬರುತ್ತಾರೆ. ಬಾರದಿರುವುದು ಮಾತು. ಡಾಕ್ಟರು ಹೇಳುವ ಪ್ರಕಾರ ಬುದ್ಧಿಗೆ ಏನೂ ಆಗಿಲ್ಲ, ನಾವಾಡಿದ್ದು ಅರ್ಥವಾಗುತ್ತದೆ, ಒಳಗೆ ಪದಗಳೂ ಇವೆ. ಅವು ಹೊರಗೆ ಬರುವ ದಾರಿ ಮಾತ್ರ ಕೆಟ್ಟಿದೆ. ಸದ್ಯಕ್ಕೆ ಅಪ್ಪನ ಬಳಿ ಇರುವುದು "ಅದೇ" ಮತ್ತು "ಹೂಂ". ಕಾಫಿ ಬೇಕಾದರೂ ಅದೇ, ಫ್ಯಾನು ಹಾಕಬೇಕಾದರೂ ಅದೇ, ಕಿಟಕಿಯಲ್ಲಿ ಬೆಕ್ಕು ಇಣುಕಿದರೂ ಅದೇ. ಉಳಿದದ್ದನ್ನು ನಾನು ಊಹಿಸಿ ಹೇಳಿಬಿಡುತ್ತೇನೆ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ರೈಲುಗಳ ಬಗ್ಗೆ ಘೋಷಣೆ ಮಾಡುವ ಕೆಲಸ ನನ್ನದು. ಗಂಟಲೇ ಬಂಡವಾಳ. ಇನ್ನೊಬ್ಬರ ಮಾತನ್ನು ಆಡುವುದು ನನಗೇನೂ ಹೊಸದಲ್ಲ. ದೀರ್ಘ ರಜೆ ಹಾಕಿ ಮನೆಯಲ್ಲಿ ಕೂತಿದ್ದೇನೆ, ಆ ಗಂಟಲೆಲ್ಲ ಈಗ ಅಪ್ಪನದೇ.

ಸಂಜೆ ಅಣ್ಣ ತಾನಿರುವ ಊರಿನಿಂದ ಫೋನ್ ಮಾಡಿದ. ಅವನಿಗೆ ಅಪ್ಪನ ಮೋಟಾರ್‌ಸೈಕಲ್ಲಿನ ಚಿಂತೆ. ಹಳೆಯ ಗಾಡಿಗಳೆಂದರೆ ಪ್ರಾಣ ಬಿಡುವ ಯಾರೋ ಸಿಕ್ಕಿದ್ದಾರಂತೆ, ಇರುವ ಸ್ಥಿತಿಯಲ್ಲೇ ತೆಗೆದುಕೊಳ್ಳುತ್ತಾರಂತೆ. ಹೋದ ಸಲ ಬಂದಾಗ ಅಪ್ಪನನ್ನು ಕೇಳಿದೆ, ಅಪ್ಪ ಹೂಂ ಅಂದರು ಎನ್ನುತ್ತಾನೆ. ನಾನು ಅಲ್ಲೇ, ಫೋನು ಕಿವಿಯಲ್ಲಿರುವಾಗಲೇ, ಅಪ್ಪನ ಕಡೆ ತಿರುಗಿ, ನೀವು ನನ್ನ ಅಜ್ಜಿ ಅಲ್ವಾ ಎಂದು ಕೇಳಿದೆ. ಹೂಂ ಅಂದರು. ಕೇಳಿಸ್ತಾ ಎಂದು ಅಣ್ಣನನ್ನು ಕೇಳಿದೆ.

ಆ ಗಾಡಿಯನ್ನು ಅಪ್ಪ ಕೊಡುತ್ತಾರೆಯೇ? ಅಪ್ಪ ಸಿನಿಮಾ ಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವರು. ಆಗ ಊರಿನ ಎರಡು ಮಂದಿರಗಳಿಗೆ ಸೇರಿ ಒಂದೇ ಪ್ರಿಂಟು. ಇಲ್ಲಿ ಓಡಿ ಮುಗಿದ ರೀಲನ್ನು ಡಬ್ಬಿಗೆ ಹಾಕಿ, ಅದನ್ನು ಗಾಡಿಗೆ ಬಿಗಿದು, ಅಲ್ಲಿ ಪರದೆ ಖಾಲಿಯಾಗುವ ಮೊದಲು ಮುಟ್ಟಿಸಬೇಕು. ಅಷ್ಟು ವರ್ಷ ಒಮ್ಮೆಯೂ ಅಲ್ಲಿನ ಜನ ಸೀಟಿ ಹೊಡೆಯುವ ಹಾಗೆ ಮಾಡಲಿಲ್ಲ ಎಂಬುದು ಅಪ್ಪನ ಹೆಮ್ಮೆ. ಲಕ್ವ ಹೊಡೆದದ್ದೂ ಈ ಗಾಡಿಯ ಮುಂದೆ ಕೂತಿದ್ದಾಗಲೇ. ಮಸಿ ತೆಗೆಯಲೆಂದು ಇಂಜಿನ್ನಿನ ತಲೆಭಾಗವನ್ನು, ಅದೇ ಹೆಡ್ ಅನ್ನುತ್ತಾರಲ್ಲ, ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಕೈ ಸೋತಿತು. ಅಪ್ಪನೂ ನೆಲಕ್ಕೆ, ಹೆಡ್ಡೂ ನೆಲಕ್ಕೆ. ಅಪ್ಪನ ತಲೆಗೆ ಪೆಟ್ಟಾಗಲಿಲ್ಲ. ಹೆಡ್ಡಿನ ಒಂದು ಕಿವಿ ಮುರಿಯಿತು. ಕಿವಿ ಎಂದರೆ ಬೋಲ್ಟು ಕೂರುವ ತೂತಿನ ಮೂಲೆ.

ಮಾರ್ಚ್ 6, ಗುರುವಾರ

ಮಾತು ಕಲಿಸುವ ಟೀಚರ್ ಬಂದಿದ್ದರು. ಚಿಕ್ಕ ವಯಸ್ಸು, ದೊಡ್ಡ ಚೀಲ. ಚೀಲದಿಂದ ಚಿತ್ರದ ಕಾರ್ಡುಗಳನ್ನು ತೆಗೆದು ಅಪ್ಪನ ಮುಂದೆ ಹರಡಿದರು: ಛತ್ರಿ, ಹಸು, ಬಾಚಣಿಗೆ. ಅಪ್ಪ ಒಂದೊಂದನ್ನೂ ಎತ್ತಿ, ಬೆನ್ನು ಮೇಲೆ ಮಾಡಿ, ಒಂದರ ಮೇಲೊಂದು ಪೇರಿಸಿಟ್ಟರು. ಇಸ್ಪೀಟು ಸಾಕು ಎಂದು ಏಳುವವರ ಹಾಗೆ.

ಹಸುವಿನ ಚಿತ್ರಕ್ಕೆ ಅಪ್ಪನ ತುಟಿ ಅಲುಗಿತು. ನಾನು ಹಸು ಎಂದೆ. ಛತ್ರಿಗೂ ಹಾಗೇ ಆಯಿತು. ಟೀಚರ್ ನನ್ನನ್ನು ಅಡುಗೆಮನೆಗೆ ಕರೆದು ಕೈಗೆ ಒಂದು ಪೆಪ್ಪರ್‌ಮಿಂಟಿನ ಪೊಟ್ಟಣ ಕೊಟ್ಟರು. ಅಪ್ಪ ಏನಾದರೂ ಹೇಳಲು ಹೊರಟಾಗ ಇದನ್ನು ಬಾಯಿಗೆ ಹಾಕಿಕೊಳ್ಳಬೇಕಂತೆ, ಕರಗುವ ತನಕ ತುಟಿ ಬಿಚ್ಚಬಾರದಂತೆ.

"ಅವರಿಗೆ ಮಾತು ಬರೋ ಹೊತ್ತಿಗೆ ನೀವು ಅಲ್ಲಿ ಹೋಗಿ ಕೂತಿರ್ತೀರ, ಅಕ್ಕ. ಜಾಗ ಬಿಡಿ ಸ್ವಲ್ಪ."

ನನಗೆ ಮೈಯೆಲ್ಲ ಉರಿಯಿತು. ತಿನ್ನಿಸುವವಳು ನಾನು, ಎತ್ತಿ ಕೂರಿಸುವವಳು ನಾನು. ಬಾಯಿ ಮುಚ್ಚಿಕೊಂಡಿರಬೇಕಾದವಳೂ ನಾನೇ? ಪೊಟ್ಟಣವನ್ನು ಸಕ್ಕರೆ ಡಬ್ಬಿಯ ಹಿಂದೆ ತುರುಕಿದೆ.

ಮಾರ್ಚ್ 9, ಭಾನುವಾರ

ಅತ್ತೆ ಬಂದಿದ್ದರು. ಅತ್ತೆ ಎಂದರೆ ಅಪ್ಪನ ಅಕ್ಕ, ಹಿಂದಿನ ಬೀದಿಯಲ್ಲೇ ಮನೆ. ಅಪ್ಪನ ಕಿವಿಗೆ ಏನೂ ಆಗಿಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ಕೂಗಿಯೇ ಮಾತಾಡುವುದು. "ಏನೋ, ತಿಂಡಿ ತಿಂದ್ಯೇನೋ" ಎಂದು ಕೇಳಿದರೆ ನಾಲ್ಕು ಮನೆಯವರು ಉತ್ತರ ಕೊಡಬಹುದು. ನಾವಿಬ್ಬರೂ ಅಡುಗೆಮನೆಯಲ್ಲಿದ್ದಾಗ ಅಪ್ಪ ಕೋಲು ಊರಿಕೊಂಡು ಹಿತ್ತಿಲಿನ ಶೆಡ್ಡಿಗೆ ಹೋಗಿಬಿಟ್ಟಿದ್ದಾರೆ. ಹುಡುಕಿಕೊಂಡು ಹೋದರೆ ಸ್ಟೂಲಿನ ಮೇಲೆ ಕೂತಿದ್ದರು. ಹೆಡ್ಡು ತೊಡೆಯ ಮೇಲೆ, ಮುರಿದ ತುಂಡು ಎಡಗೈಯಲ್ಲಿ. ತುಂಡನ್ನು ಅದರ ಜಾಗಕ್ಕೆ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು.

"ಅದೇ," ಅಂದರು ನನ್ನನ್ನು ನೋಡಿ.

ಹೊಸದು ತರಬೇಕಾ ಅಂದೆ, ಸಿಗುತ್ತಾ ನೋಡ್ತೀನಿ ಅಂದೆ, ಈಗ ಇದೆಲ್ಲ ಬೇಡ ಎದ್ದೇಳಿ ಅಂದೆ. ಎಲ್ಲದಕ್ಕೂ ಹೂಂ. ಆದರೆ ಏಳಲಿಲ್ಲ. ಆ ಮುಖ ನೋಡಿ ನನಗೇ ಅನಿಸಿತು, ಇದನ್ನು ಸರಿ ಮಾಡಿಸಿಬಿಡೋಣ. ಗಾಡಿ ಸರಿಹೋದರೆ ಅಣ್ಣ ಮಾರುವ ಮಾತೆತ್ತುವುದಿಲ್ಲ. ಅಪ್ಪನ ಮನಸ್ಸಿನಲ್ಲಿರುವುದೂ ಇದೇ.

ಮಾರ್ಚ್ 12, ಬುಧವಾರ

ಈ ಮಾದರಿ ನಿಂತುಹೋಗಿ ಕಾಲವಾಗಿದೆ, ಬಿಡಿಭಾಗ ಎಲ್ಲೂ ಇಲ್ಲ. ಕಬ್ಬಿಣದ ಸಾಮಾನಿನ ಅಂಗಡಿಯವನು ಒಂದು ಅಂಟು ಕೊಟ್ಟ. ಎರಡು ಟ್ಯೂಬನ್ನು ಕಲಸಿ ಹಚ್ಚಿದರೆ ಉಕ್ಕಿನ ಹಾಗೆ ಹಿಡಿಯುತ್ತದಂತೆ. ನಿನ್ನೆ ಹಚ್ಚಿದೆ. ಇವತ್ತು ಬೆಳಿಗ್ಗೆ ಅಪ್ಪ ಹೆಬ್ಬೆರಳಿನಿಂದ ಒತ್ತಿದರು. ತುಂಡು ಟಪ್ ಎಂದು ಮಡಿಲಿಗೆ ಬಿತ್ತು. ಲಕ್ವ ಹೊಡೆದ ಕೈಯ ಹೆಬ್ಬೆರಳು ಅದು.

ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ನಕ್ಕಿದ್ದು ಇದೇ ಮೊದಲು. ಅದೂ ನನ್ನನ್ನು ನೋಡಿ.

ಮಾರ್ಚ್ 15, ಶನಿವಾರ

ಆಟೋದಲ್ಲಿ ಅಪ್ಪನನ್ನೂ ಹೆಡ್ಡನ್ನೂ ಕೂರಿಸಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋಗಿದ್ದೆ. ಅಲ್ಯೂಮಿನಿಯಂ ಬೆಸೆಯುವವರು ಸುತ್ತಮುತ್ತ ಇವರೊಬ್ಬರೇ. ಎಲ್ಲರೂ ಅವರನ್ನು ರೇಡಿಯೋ ಅನ್ನುತ್ತಾರೆ. ಯಾಕೆಂದು ಕೇಳಬೇಕಾಗಲಿಲ್ಲ. ನಾವು ಇಳಿಯುವ ಮೊದಲೇ ಶುರುವಾದ ಮಾತು, ಮುಖಕ್ಕೆ ಕವಚ ಹಾಕಿಕೊಂಡ ಮೇಲೂ ಒಳಗಿನಿಂದ ಬರುತ್ತಲೇ ಇತ್ತು. ತಮ್ಮ ಸೊಂಟನೋವು, ಕರೆಂಟಿನವರ ಸೋಮಾರಿತನ, ಮಗಳ ಗಣಿತ. ನನ್ನಂಥವಳಿಗೇ ನಡುವೆ ಒಂದು ಪದ ತೂರಿಸಲು ಜಾಗ ಸಿಗಲಿಲ್ಲ.

ಆದರೆ ಬೆಂಕಿ ತಾಗಿಸಿದೊಡನೆ ಲೋಹ ಕೊಸಕೊಸ ಎಂದು ಕುದಿಯಿತು. ಬೆಳ್ಳಗೆ ಕೂರಬೇಕಾದ ಕಡೆ ಕಪ್ಪು ಗುಳ್ಳೆ ಎದ್ದು ಒಡೆದು, ಜೇನುಗೂಡಿನ ಹಾಗೆ ತೂತು ಬಿತ್ತು. ರೇಡಿಯೋ ಅವರ ಮಾತು ಆಗ ನಿಂತಿತು. ಕವಚ ತೆಗೆದು, ಇಷ್ಟು ವರ್ಷ ಎಣ್ಣೆ ಕುಡಿದ ಲೋಹ ಇದು, ಬೆಸುಗೆ ಹಿಡಿಯಲ್ಲ, ಇದರ ಆಸೆ ಬಿಡಿ ಎಂದರು.

ಅಪ್ಪ ಕುರ್ಚಿಯಿಂದ ಅರ್ಧ ಎದ್ದರು. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, "ಜ್ವರ" ಅಂದರು.

ಹೊಸ ಪದ. ಖುಷಿ ಪಡುವುದಕ್ಕೂ ಪುರುಸೊತ್ತಿಲ್ಲ. ಹಣೆ ಮುಟ್ಟಿ ನೋಡಿದೆ. ಬಿಸಿಲಿಗೋ ಏನೋ ಬೆಚ್ಚಗಿತ್ತು. ಅಪ್ಪ ನನ್ನ ಕೈ ತಳ್ಳಿ, "ಜ್ವರ, ಜ್ವರ ಕೊಡು" ಅಂದರು. ಗಾಬರಿಯಾಗಿ ಆಟೋ ಹತ್ತಿಸಿದೆ. ಮನೆಗೆ ಬಂದು ಥರ್ಮಾಮೀಟರ್ ಇಟ್ಟರೆ ಏನೂ ಇಲ್ಲ.

ಮಾರ್ಚ್ 16, ಭಾನುವಾರ

ಜ್ವರವಿಲ್ಲ. ಆದರೂ ಬೆಳಿಗ್ಗೆಯಿಂದ ಅದೇ ಮಾತು. ಡಾಕ್ಟರಿಗೆ ಫೋನ್ ಮಾಡಿದೆ. ಬಾಯಿಗೆ ಸಿಕ್ಕಿದ ಪದವನ್ನು ಹಿಡಿದುಕೊಳ್ಳುತ್ತಾರೆ, ಹೆದರಬೇಡಿ ಅಂದರು.

ಮಧ್ಯಾಹ್ನ ಸುಟ್ಟ ವಾಸನೆ. ಓಡಿ ಬಂದರೆ ಗ್ಯಾಸಿನ ಒಲೆಯ ಮೇಲೆ ಹೆಡ್ಡು ಕೂತಿದೆ, ಕೆಳಗೆ ಉರಿ. ಅಪ್ಪ ಪಕ್ಕದಲ್ಲಿ ನಿಂತಿದ್ದಾರೆ. ಅತ್ತೆ ಊರಿಗೆಲ್ಲ ಕೇಳಿಸುವಂತೆ, ಇವನಿಗೆ ಪಾತ್ರೆ ಯಾವುದು, ಗಾಡಿ ಯಾವುದು ಅನ್ನೋದೂ ಮರೆತುಹೋಯ್ತಲ್ಲೇ ಎಂದು ಅತ್ತರು. ನಾನು ಒಲೆ ಆರಿಸಿ, ಬಟ್ಟೆಯಲ್ಲಿ ಹಿಡಿದು ಹೆಡ್ಡನ್ನು ಹೊರಗಿಟ್ಟೆ. ಅಪ್ಪ ಕೋಲನ್ನು ನೆಲಕ್ಕೆ ಎಸೆದು ಹೋಗಿ ಮಲಗಿದರು. ಊಟಕ್ಕೆ ಏಳಲಿಲ್ಲ.

ಬುದ್ಧಿಗೆ ಏನೂ ಆಗಿಲ್ಲ ಎಂದು ಆ ಡಾಕ್ಟರು ಹೇಗೆ ಹೇಳಿದರೋ.

ಮಾರ್ಚ್ 17, ಸೋಮವಾರ

ಅಳಬೇಕೋ ನಗಬೇಕೋ.

ಟೀಚರ್ ಬಂದಾಗ ಒಲೆಯ ಕತೆಯೆಲ್ಲ ಹೇಳಿದೆ. ಅವರು ಕಾರ್ಡುಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಆ ಹೆಡ್ಡನ್ನು ತಂದು ಮೇಜಿನ ಮೇಲಿಡಿ ಅಂದರು. ಆಮೇಲೆ ನನ್ನ ಕಡೆ ನೋಡಿದರು. ಸರಿ, ಇದೂ ಆಗಿಬಿಡಲಿ ಎಂದು ಸಿಟ್ಟಿನಲ್ಲೇ ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡು ಎದುರು ಕೂತೆ.

ಅಪ್ಪ ಬಹಳ ಹೊತ್ತು ಹೆಡ್ಡನ್ನೇ ನೋಡಿದರು. ನನಗೆ ತುಟಿಯ ತುದಿಗೆ ಹತ್ತು ಮಾತು ಬಂದವು. ಪೆಪ್ಪರ್‌ಮಿಂಟನ್ನು ಆ ದವಡೆಯಿಂದ ಈ ದವಡೆಗೆ ತಿರುಗಿಸಿದೆ. ಅಪ್ಪ ಎಡಗೈ ಎತ್ತಿ ತಮ್ಮ ಹಣೆಯ ಮೇಲೆ ಇಟ್ಟುಕೊಂಡರು. "ಜ್ವರ," ಅಂದರು. ನಂತರ ಆ ಕೈಯನ್ನು ಮೆಲ್ಲಗೆ ತೆಗೆದು, ಹೆಡ್ಡಿನ ಮೇಲೆ, ಮುರಿದ ಕಿವಿಯ ಪಕ್ಕದಲ್ಲಿ ಇಟ್ಟರು.

"ನನಗಲ್ಲ," ಅಂದರು. "ಇದಕ್ಕೆ."

ಬಿಸಿ. ಅವರಿಗೆ ಬೇಕಾಗಿದ್ದ ಪದ ಬಿಸಿ. ಬೆಸೆಯುವ ಮೊದಲು ಲೋಹವನ್ನು ಕಾಯಿಸಬೇಕು, ಕುಡಿದ ಎಣ್ಣೆ ಹೊರಗೆ ಬರಬೇಕು. ಅಂಗಡಿಯಲ್ಲೂ ಅದನ್ನೇ ಹೇಳಿದ್ದು, ಒಲೆಯ ಮುಂದೆಯೂ ಅದನ್ನೇ. ನಾನು ಥರ್ಮಾಮೀಟರ್ ಹಿಡಿದುಕೊಂಡು ಸುತ್ತಿದೆ.

ಟೀಚರ್ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಮಾರ್ಚ್ 22, ಶನಿವಾರ

ಹಿತ್ತಿಲಿನಲ್ಲಿ ಹಳೆಯ ಸೀಮೆಎಣ್ಣೆ ಸ್ಟೌ ಹಚ್ಚಿ, ಮೇಲೆ ದಪ್ಪ ಕಬ್ಬಿಣದ ತಗಡು, ತಗಡಿನ ಮೇಲೆ ಹೆಡ್ಡು, ಅದರ ಮೇಲೆ ಬಿಸ್ಕತ್ತಿನ ಡಬ್ಬ ಬೋರಲು. ಅಡುಗೆಮನೆಯ ಕಡೆ ಇದು ತಲೆ ಹಾಕಿದರೆ ನಾನು ಈ ಮನೆಗೆ ಕಾಲಿಡಲ್ಲ ಎಂದು ಅತ್ತೆ ಆಣೆ ಹಾಕಿದ್ದರು. ಹೇಳಿದವರೇ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಕೊನೆಯವರೆಗೂ ನೋಡಿದರು.

ಅಪ್ಪ ಬಟ್ಟೆ ಸೋಪಿನ ತುಂಡು ತರಿಸಿಕೊಂಡರು. ತರಿಸಿಕೊಂಡದ್ದು ಎಂದರೆ, "ಬಿಳಿ" ಅಂದರು, ಸ್ವಲ್ಪ ಹೊತ್ತು ಬಿಟ್ಟು "ನೊರೆ" ಅಂದರು. ಅದರಿಂದ ಹೆಡ್ಡಿನ ಮೇಲೆ ಒಂದು ಗೀಟೆಳೆದರು. ಗೀಟು ಕಂದುಬಣ್ಣಕ್ಕೆ ತಿರುಗಿದರೆ ಶಾಖ ಸಾಕು, ಇನ್ನೂ ಕಾಯಿಸಿದರೆ ಕೆಡುತ್ತದೆ. ಇದನ್ನು ಅವರು ಹೇಳಲಿಲ್ಲ. ಗೀಟು ಕಂದಾದೊಡನೆ ಸ್ಟೌವಿನ ಉರಿ ಇಳಿಸಲು ಕೈ ಮಾಡಿದಾಗ ತಿಳಿಯಿತು.

ಡಬ್ಬ ಎತ್ತಿದಾಗ ಮುರಿದ ಜಾಗದ ಉದ್ದಕ್ಕೂ ಕಪ್ಪು ಹನಿಗಳು ಮೂಡಿದ್ದವು. ಒರೆಸಿದರೆ ಮತ್ತೆ ಬರುವವು. ಅಷ್ಟು ಗಟ್ಟಿ ಲೋಹದೊಳಗೆ ಅಷ್ಟು ಎಣ್ಣೆ ಎಲ್ಲಿ ಕೂತಿತ್ತೋ. ಒರೆಸುವುದು, ಕಾಯಿಸುವುದು, ಒರೆಸುವುದು. ಬಟ್ಟೆ ಕೊನೆಗೆ ಬಿಳಿಯಾಗಿಯೇ ಉಳಿಯುವವರೆಗೂ ಅಪ್ಪ ಬಿಡಲಿಲ್ಲ.

"ಬೆವರು," ಅಂದರು, ಹನಿಯನ್ನು ತೋರಿಸಿ. ಜ್ವರ ಬಿಡುವಾಗ ಬರುವ ಬೆವರು. ಅತ್ತೆ ಕೂಗದೆ, ಮೆಲ್ಲಗೆ, "ಸರಿಯಾಗೇ ಹೇಳ್ದ ಕಣೇ" ಅಂದರು.

ಮಾರ್ಚ್ 26, ಬುಧವಾರ

ಹಿಡಿಯಿತು.

ಹೆಡ್ಡನ್ನು ಅಂಗಡಿಯಲ್ಲೇ ಮತ್ತೆ ಕಾಯಿಸಿ, ಬಿಸಿಯಿರುವಾಗಲೇ ರೇಡಿಯೋ ಬೆಸೆದರು. ಈ ಸಲ ಗುಳ್ಳೆಯಿಲ್ಲ, ಕಪ್ಪಿಲ್ಲ. ನಾಣ್ಯಗಳನ್ನು ಒಂದರ ಮೇಲೊಂದು ವಾಲಿಸಿಟ್ಟ ಹಾಗೆ ಬೆಳ್ಳಗೆ ಕೂತುಕೊಂಡು ಹೋಯಿತು. ನಾನೇ ಮೊದಲು ಕಾಯಿಸಬೇಕಿತ್ತು, ಅವಸರ ಮಾಡಿದೆ ಎಂದು ಅವರು ಅಪ್ಪನ ಹತ್ತಿರ ಒಪ್ಪಿಕೊಂಡರು. ಅದನ್ನು ಹೇಳಲು ಮಗಳ ಗಣಿತದ ಮೂಲಕ ಸುತ್ತಿ ಬಂದರು, ಅದು ಬೇರೆ ಮಾತು.

ತಣ್ಣೀರು ಎರಚಲು ಹೋದ ಕೆಲಸದವನನ್ನು ಅಪ್ಪ ಕೋಲು ಅಡ್ಡ ಹಿಡಿದು ತಡೆದರು. ಹಳೆಯ ಕಂಬಳಿ ತರಿಸಿ ಹೆಡ್ಡಿಗೆ ಹೊದಿಸಿದರು. ತಾನಾಗಿಯೇ ಆರಬೇಕು, ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಮಗು ಮಲಗಿದ ಮನೆಯ ಹಾಗೆ ನಾವೆಲ್ಲ ಸುಮ್ಮನೆ ಸುತ್ತ ಕೂತೆವು. ರೇಡಿಯೋ ಕೂಡ.

ಮಾರ್ಚ್ 31, ಸೋಮವಾರ

ಅಣ್ಣನ ಜೊತೆ ಜಗಳ. ಗಾಡಿ ನೋಡುವವರು ಮುಂದಿನ ತಿಂಗಳ ಮೂರನೇ ಭಾನುವಾರ ಬರುತ್ತಾರಂತೆ, ಅವನೂ ಬರುತ್ತಾನಂತೆ. ಅಪ್ಪನಿಗೆ ಇಷ್ಟವಿಲ್ಲ ಎಂದೆ. ಅಪ್ಪ ಹೇಳಿದರಾ ಎಂದು ಕೇಳಿದ. ಹೇಳಬೇಕಾ, ನನಗೆ ಗೊತ್ತಾಗಲ್ವಾ ಅಂದೆ. ಅವನು, ಆ ಶೆಡ್ಡು ನೋಡಿದಾಗೆಲ್ಲ ಅಪ್ಪನಿಗೆ ತಾನು ಓಡಿಸಲಾರೆ ಅನ್ನೋದೇ ನೆನಪಾಗುತ್ತೆ, ಯಾಕೆ ಹಿಂಸೆ ಎಂದ. ಅವನು ಕೆಟ್ಟವನಲ್ಲ. ಆದರೆ ದಿನಾ ಜೊತೆಗಿರುವವಳು ನಾನು. ಅಪ್ಪ ಏನು ಅಂದುಕೊಳ್ಳುತ್ತಾರೆ ಎಂಬುದು ಅವರ ಹುಬ್ಬು ನೋಡಿದರೆ ನನಗೆ ತಿಳಿಯುತ್ತದೆ.

ಅಪ್ಪ ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. ಏನೋ ಹೇಳಲು ಬಂದರು. ನೀವು ಚಿಂತೆ ಮಾಡಬೇಡಿ, ನಾನು ಬಿಡಲ್ಲ ಎಂದು ಸಮಾಧಾನ ಮಾಡಿದೆ.

ಏಪ್ರಿಲ್ 5, ಶನಿವಾರ

ಬೆಸುಗೆಯ ಶಾಖಕ್ಕೆ ಹೆಡ್ಡಿನ ಕೆಳಮುಖ ಕೂದಲೆಳೆಯಷ್ಟು ಸೊಟ್ಟಗಾಗಿದೆ. ಹಾಗೇ ಕೂರಿಸಿದರೆ ಸಂದಿನಲ್ಲಿ ಗಾಳಿ ಸೋರುತ್ತದೆ. ಹಳೆಯ ಕಿಟಕಿಯ ದಪ್ಪ ಗಾಜನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಉಪ್ಪುಕಾಗದ ಅಂಟಿಸಿ, ಹೆಡ್ಡಿನ ಮುಖಕ್ಕೆ ಪೆನ್ಸಿಲಿನಿಂದ ಗೀಟು ಎಳೆದು ಉಜ್ಜುವುದು. ಗೀಟು ಅಳಿಸಿದ ಕಡೆ ಎತ್ತರ, ಉಳಿದ ಕಡೆ ತಗ್ಗು. ಎಲ್ಲ ಗೀಟೂ ಒಟ್ಟಿಗೆ ಅಳಿಸುವ ತನಕ ಇದೇ ಕೆಲಸ.

ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ಮುಟ್ಟದ ಅಪ್ಪ ನಾಲ್ಕು ದಿನದಿಂದ ಬಲಗೈಯನ್ನು ಹೆಡ್ಡಿನ ಮೇಲಿಟ್ಟು, ಎಡಗೈಯಿಂದ ಅದನ್ನು ಒತ್ತಿಕೊಂಡು, ಸುತ್ತ ಸುತ್ತ ಉಜ್ಜುತ್ತಾರೆ. ದಣಿದಾಗ ನಾನು. ನಾನು ಒಂದೇ ಕಡೆ ಭಾರ ಹಾಕುತ್ತೇನೆ ಎಂದು ಅವರ ದೂರು. "ಎಡ... ಎಡ ಅಲ್ಲ... ಆ ಎಡ" ಅಂದರು. ಬಲ ಎಂದರ್ಥ. ಅದು ಈಗ ನಮ್ಮ ಮನೆಯಲ್ಲಿ ಸ್ಥಿರವಾಗಿಬಿಟ್ಟಿದೆ: ಎಡ ಮತ್ತು ಆ ಎಡ. ಅತ್ತೆ ಕೂಡ ಉಪ್ಪಿನ ಡಬ್ಬಿ ಎಲ್ಲಿ ಎಂದರೆ, ಆ ಎಡಕ್ಕಿದೆ ನೋಡು ಎನ್ನುತ್ತಾರೆ.

ಉಜ್ಜುತ್ತಾ ಉಜ್ಜುತ್ತಾ ಪದಗಳು ಬರುತ್ತವೆ. ಸ್ಪ್ಯಾನರು ಒಂದು ದಿನ ತಪ್ಪಿಲ್ಲದೆ ಬಂತು. ಇಕ್ಕಳಕ್ಕೆ ಮೊಸಳೆ ಅಂದರು, ಅದು ಅಸಲಿಗಿಂತ ಚೆನ್ನಾಗಿದೆ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಅಮ್ಮನ ಬಗ್ಗೆ ಹೇಳತೊಡಗಿದರು. ಅಮ್ಮ ತೀರಿಕೊಂಡು ಎಷ್ಟೋ ವರ್ಷ. ಗಾಡಿಯ ಹಿಂದಿನ ಸೀಟಿಗೆ ಕೈ ತೋರಿಸಿ, "ಅವಳು... ಮೊದಲ ಸಲ..." ಎಂದು ನಿಲ್ಲಿಸಿದರು. ಹೊರಗೆ ಯಾರದೋ ಮನೆಯ ಕುಕ್ಕರ್ ಕೂಗಿತು, ಮತ್ತೆ ಕೂಗಿತು. ಆಮೇಲೆ, "ಕಣ್ಣು ಮುಚ್ಚಿ ಕೂತಿದ್ಲು" ಅಂದರು. ಅಮ್ಮ ಅಷ್ಟು ಹೆದರುವವಳು ಎಂದು ನನಗೆ ಗೊತ್ತೇ ಇರಲಿಲ್ಲ.

ಪೆಪ್ಪರ್‌ಮಿಂಟು ಇರುವೆಗಳ ಪಾಲಾಗಿದೆ. ಪೊಟ್ಟಣ ಎಸೆದೆ.

ಏಪ್ರಿಲ್ 9, ಬುಧವಾರ

ಇವತ್ತು ಕೆಟ್ಟ ದಿನ. ಬೆಳಿಗ್ಗೆಯಿಂದ ಒಂದು ಪದವೂ ಬರಲಿಲ್ಲ. "ಅದೇ" ಕೂಡ ಇಲ್ಲ. ಅಪ್ಪ ಶೆಡ್ಡಿನಲ್ಲಿ ಕೂತು ಅತ್ತರು. ಪಕ್ಕದಲ್ಲಿ ಕೂತಿದ್ದೆ. ಅಷ್ಟೇ.

ಏಪ್ರಿಲ್ 13, ಭಾನುವಾರ

ಕೈಯೆಲ್ಲ ಗ್ರೀಸು. ಸೋಪಿಗೂ ಹೋಗಿಲ್ಲ, ಈ ಹಾಳೆಗೂ ಮೆತ್ತುತ್ತಿದೆ.

ರೇಡಿಯೋ ಅವರ ಅಂಗಡಿಯಲ್ಲಿ ಕಿವಿಗೆ ತೂತು ಕೊರೆಸಿದ್ದಾಗಿತ್ತು. ಎರಡು ದಿನದಿಂದ ಜೋಡಿಸುತ್ತಿದ್ದೆವು. ಅಪ್ಪ ತೋರಿಸುವುದು, ನಾನು ಕೂರಿಸುವುದು. ಬೋಲ್ಟುಗಳನ್ನು ಒಂದೇ ಸಲ ಬಿಗಿಯಬಾರದು, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಹೋಗಬೇಕು. ಹೊಸ ಕಿವಿಯ ಬೋಲ್ಟನ್ನು ಮಾತ್ರ ಅಪ್ಪ ನನಗೆ ಬಿಡಲಿಲ್ಲ. ಬಲಗೈಯಲ್ಲೇ ಸ್ಪ್ಯಾನರು ಹಿಡಿದು, ಉಸಿರು ಬಿಗಿಹಿಡಿದು ಬಿಗಿದರು. ಟಣ್ ಎಂಬ ಸದ್ದೇನಾದರೂ ಬರುತ್ತದೆಯೋ ಎಂದು ನಾನು ಕಿವಿಗೊಟ್ಟೆ. ಬರಲಿಲ್ಲ. ಬೆಸುಗೆ ನಿಂತಿತು.

ಕಿಕ್ ಹೊಡೆಯುವುದು ನನ್ನ ಪಾಲಿಗೆ ಬಂತು. ಹೊಡೆದೆ, ಹೊಡೆದೆ, ಚಪ್ಪಲಿ ಹಾರಿ ಹೋಗಿ ಅತ್ತೆಯ ಮಣೆಯ ಹತ್ತಿರ ಬಿತ್ತು. ಇಂಜಿನ್ನು ಒಂದು ಸಲ ಕೆಮ್ಮಲೂ ಇಲ್ಲ. ಇಷ್ಟೆಲ್ಲ ಮಾಡಿದ್ದು ದಂಡವಾಯಿತು ಎಂದು ಸೀಟಿಗೆ ತಲೆ ಊರಿ ನಿಂತೆ.

"ನೀರು," ಅಂದರು ಅಪ್ಪ.

ಅತ್ತೆ ಲೋಟ ತರಲು ಎದ್ದರು. ಅಪ್ಪನ ಮಾತು ಇನ್ನೂ ಮುಗಿದಿರಲಿಲ್ಲ. ತುಟಿ ಏನನ್ನೋ ಹುಡುಕುತ್ತಿತ್ತು. ನಾನು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ನೆಲದ ಮೇಲೆ ಕೂತೆ. ಅತ್ತೆ ಹೋಗಿ ಲೋಟ ತಂದು ಹಿಡಿದು ನಿಂತರು. ಅಪ್ಪ ಲೋಟದ ಕಡೆ ನೋಡಿ ತಲೆಯಾಡಿಸಿ, "ನೀರಲ್ಲ... ನೀರು ಬರುತ್ತಲ್ಲ... ತಿರುಗಿಸಿದ್ರೆ..." ಅಂದರು. ಕೊನೆಗೆ, "ನಲ್ಲಿ," ಅಂದರು.

ಪೆಟ್ರೋಲ್ ಟ್ಯಾಂಕಿನ ಕೆಳಗಿನ ನಲ್ಲಿ. ಮುಚ್ಚಿಯೇ ಇತ್ತು.

ತಿರುಗಿಸಿ ಹೊಡೆದ ಎರಡನೇ ಕಿಕ್ಕಿಗೆ ಗುಡುಗುಡು ಎಂದು ಎದ್ದಿತು ನೋಡಿ. ಅತ್ತೆಯ ಕೈಯ ಲೋಟದ ನೀರು ನಡುಗಿತು. ಬೇಲಿಯ ಮೇಲಿನ ಕಾಗೆಗಳೆಲ್ಲ ಹಾರಿದವು. ಅಪ್ಪ ಕಣ್ಣು ಮುಚ್ಚಿಕೊಂಡು, ಹೊಸ ಕಿವಿಯ ಹತ್ತಿರ ಅಂಗೈ ಹಿಡಿದು ಗಾಳಿ ಸೋರುತ್ತದೆಯೇ ಎಂದು ನೋಡಿದರು. ಒಂದಿಷ್ಟೂ ಇಲ್ಲ.

ಇಂಜಿನ್ನು ಆರಿಸಿದ ಮೇಲೆ ಬಂತು ಮಾತು.

"ಈಗ ಕೊಡಬಹುದು," ಅಂದರು.

ಯಾರಿಗೆ, ಏನನ್ನು ಎಂದೆ. "ಮಗ... ತರ್ತಾನಲ್ಲ, ಅವರಿಗೆ." ನಿಮಗೆ ಇಷ್ಟ ಇರಲಿಲ್ಲವಲ್ಲ ಎಂದೆ.

"ಹೂಂ ಅಂದಿದ್ನಲ್ಲ," ಅಂದರು ಅಪ್ಪ. "ಆವತ್ತೇ. ಆದರೆ ಮುರಿದದ್ದು... ಹೆಂಗೆ ಕೊಡೋದು?"

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

ಅಪ್ಪ ಬಹಳ ಯೋಚಿಸಿ, ಒಂದೊಂದಾಗಿ ಜೋಡಿಸಿದರು. "ನೀನು... ಬಿಡಲಿಲ್ಲ."

ಅತ್ತೆ ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಏಪ್ರಿಲ್ 14, ಸೋಮವಾರ

ಇಡೀ ದಿನ ಅಪ್ಪನ ಮೇಲೆ ಮುನಿಸು. ಅವರಿಗಾಗಿ ಅಣ್ಣನ ಜೊತೆ ಮಾತು ಬಿಟ್ಟೆ, ಇವರು ನೋಡಿದರೆ ಮೊದಲಿಂದಲೂ ಆ ಕಡೆಯವರು. ಸಂಜೆ ಅಪ್ಪ ಹತ್ತಿರ ಬಂದು ಕೂತು, ನನ್ನ ಗ್ರೀಸಿನ ಉಗುರುಗಳನ್ನು ಚಿಂದಿಯಿಂದ ಒರೆಸತೊಡಗಿದರು. ಬಲಗೈಯಿಂದ. ಮುನಿಸು ಅಲ್ಲಿಗೆ ಮುಗಿಯಿತು. ಅಣ್ಣನಿಗೆ ಫೋನ್ ಮಾಡಿ, ನೀನು ಹೇಳಿದ್ದೇ ಸರಿ ಅಂದೆ. ಜ್ವರ ಗಿರ ಬಂದಿದೆಯಾ ನಿನಗೆ ಎಂದು ಕೇಳಿದ.

ಏಪ್ರಿಲ್ 20, ಭಾನುವಾರ

ಗಾಡಿ ಹೋಯಿತು.

ಬಂದವರು ದನದ ಡಾಕ್ಟರು. ಐವತ್ತರ ಆಸುಪಾಸಿನ ಹೆಂಗಸು, ಗಂಬೂಟು ಹಾಕಿಕೊಂಡೇ ಬಂದಿದ್ದರು. ಅಣ್ಣ ಅವರಿಗೆ ಗಾಡಿಯ ಗುಣಗಾನ ಮಾಡುತ್ತಿದ್ದ. ಅವರು ಅಣ್ಣನನ್ನು ಬಿಟ್ಟು ಅಪ್ಪನ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಇದರ ಸ್ವಭಾವ ಹೇಗೆ ಎಂದು ಕೇಳಿದರು.

ಅಪ್ಪ, "ಗಾಜು..." ಎಂದು ಶುರು ಮಾಡಿದರು.

ದೀಪದ ಗಾಜು ಚೆನ್ನಾಗಿದೆ ಅಪ್ಪ, ಒಡೆದಿಲ್ಲ ಎಂದ ಅಣ್ಣ. "ಗಾಜಿನ..." ಕನ್ನಡಕ ಬೇಕಾ, ತರಲಾ ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಅಪ್ಪ ಬಲಗೈ ಎತ್ತಿ, ಅವನ ಎದೆಯ ಮೇಲಿಟ್ಟು,

"ತಡಿಯೋ," ಅಂದರು.

ಡಾಕ್ಟರು ಕಾದರು. ಬೇಲಿಯ ಆಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಅದು ಮುಗಿಯಿತು. ಅಪ್ಪನ ಅಂಗಿಯ ಒಂದು ಗುಂಡಿ ಬಿಗಿಯಾಗಿ ಹೊಲಿಯಬೇಕು, ಸಡಿಲವಾಗಿದೆ, ನಾನು ಅದನ್ನೇ ನೋಡುತ್ತಿದ್ದೆ.

"ಗಾಜಿನ ಪೆಟ್ಟಿಗೇಲಿ ಇಡ್ತೀರಾ, ಇಲ್ಲ ಓಡಿಸ್ತೀರಾ?" ಎಂದು ಕೇಳಿದರು ಅಪ್ಪ.

"ಓಡಿಸ್ತೀನಿ," ಅಂದರು ಡಾಕ್ಟರು. "ಹಸು ಕರು ಹಾಕೋದಕ್ಕೆ ಕಷ್ಟಪಡ್ತಿದೆ ಅಂತ ಕರೆ ಬಂದ್ರೆ ಇದರಲ್ಲೇ ಹೋಗ್ತೀನಿ. ಕೆಸರಾಗುತ್ತೆ, ಮೊದಲೇ ಹೇಳ್ತೀನಿ."

"ಆಗಲಿ," ಅಂದರು ಅಪ್ಪ. ಆಮೇಲೆ ಮಧ್ಯಾಹ್ನದವರೆಗೂ ಪಾಠ. ತಣ್ಣಗಿದ್ದಾಗ ಹೇಗೆ ಎಬ್ಬಿಸಬೇಕು, ಎಲ್ಲಿ ಒತ್ತಿದರೆ ಪೆಟ್ರೋಲು ಜಿನುಗುತ್ತದೆ, ಏರಿನಲ್ಲಿ ಎಷ್ಟು ಬೈಯಬಹುದು. ಎಡ, ಆ ಎಡ ಎಲ್ಲ ಬಂತು. ಡಾಕ್ಟರು ಅದಕ್ಕೂ ಹೊಂದಿಕೊಂಡರು. ಬೆಸುಗೆ ಹಾಕಿದ ಕಿವಿಯನ್ನು ಅಪ್ಪ ತಾವಾಗಿಯೇ ತೋರಿಸಿ, ಇಲ್ಲಿ ಮುರಿದಿತ್ತು ಎಂದರು. ಅದಕ್ಕೆ ಬಣ್ಣ ಬಳಿಯುವುದು ಬೇಡ ಎಂದೂ ಹೇಳಿದರು.

ಡಾಕ್ಟರು ಗಾಡಿ ಏರಿ ಬೀದಿಯ ತಿರುವು ದಾಟಿದರು. ಸದ್ದು ಸಣ್ಣದಾಗುತ್ತಾ ಹೋಗಿ, ಗಿಡಗಳ ಹಿಂದೆ ಒಮ್ಮೆ ಜೋರಾಗಿ, ಆಮೇಲೆ ಇಲ್ಲವಾಯಿತು. ಅಪ್ಪ ಅತ್ತಾರು ಎಂದು ಹೆದರಿದ್ದೆ. ಅವರು ಅತ್ತೆಯನ್ನು ಕರೆದು, ಶೆಡ್ಡಿನಲ್ಲಿ ನಿನ್ನ ಮಣೆ ಹಾಕಿಕೋ, ಗಾಳಿ ಚೆನ್ನಾಗಿದೆ ಎಂಬರ್ಥದಲ್ಲಿ ಏನೋ ಅಂದರು. ಅತ್ತುಬಿಟ್ಟವನು ಅಣ್ಣ.

ಹೊರಡುವಾಗ ಅಣ್ಣ ನನ್ನನ್ನು ಬದಿಗೆ ಕರೆದು, ಇನ್ನೂ ಕೋಪವಿದೆಯಾ, ಬೆಳಿಗ್ಗೆಯಿಂದ ಬಾಯೇ ಬಿಡಲಿಲ್ಲವಲ್ಲ ನೀನು ಎಂದು ಕೇಳಿದ. ಏನು ಹೇಳುತ್ತಾನೋ. ನಾನು ಎಂದಿನ ಹಾಗೆಯೇ ಇದ್ದೆ.

ಏಪ್ರಿಲ್ 28, ಸೋಮವಾರ

ಕೆಲಸಕ್ಕೆ ಮರಳಿದೆ. ಹೋಗು ಎಂದವರು ಅಪ್ಪನೇ. ಹಗಲು ಅತ್ತೆ ಬಂದು ಇರುತ್ತಾರೆ.

ಮೈಕಿನ ಮುಂದೆ ಕೂತಾಗ ಮೊದಲು ಸ್ವಲ್ಪ ಅಳುಕಾಯಿತು. ಮೊದಲ ಘೋಷಣೆ ಮುಗಿದ ಮೇಲೆ ಸರಿಹೋಯಿತು. ಪಕ್ಕದ ಕುರ್ಚಿಯ ಸಹೋದ್ಯೋಗಿ, ನೀವು ಈಗ ನಿಧಾನವಾಗಿ ಹೇಳ್ತೀರಿ, ವಯಸ್ಸಾದವರಿಗೆ ಒಳ್ಳೇದಾಯ್ತು ಎಂದಳು. ಅಭ್ಯಾಸ ತಪ್ಪಿರಬೇಕು.

ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ಮನೆಯಿಂದ ಫೋನ್ ಬಂತು. ಅತ್ತೆ ಎಂದುಕೊಂಡೆ. ಅತ್ತೆಯಾಗಿದ್ದರೆ ಫೋನು ಎತ್ತುವ ಮೊದಲೇ ಕೇಳಿಸಬೇಕಿತ್ತು. ಆ ಕಡೆ ಉಸಿರು ಮಾತ್ರ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಡಬ್ಬಿಯ ಮುಚ್ಚಳ ಬಿಚ್ಚಿದೆ. ಕೆಳಗೆ ಒಂದು ರೈಲು ಬಂತು, ಜನ ಇಳಿದರು, ಹತ್ತಿದರು, ರೈಲು ಹೊರಟಿತು.

ಸಹೋದ್ಯೋಗಿ ಬಗ್ಗಿ ನೋಡಿ, ರಾಂಗ್ ನಂಬರಾ, ಇಟ್ಟುಬಿಡಿ ಅಂದಳು. ಅಲ್ಲ, ನಮ್ಮಪ್ಪ ಅಂದೆ.

"ಯಾರೂ ಮಾತಾಡ್ತಾನೇ ಇಲ್ವಲ್ಲ?"

"ಮಾತಾಡ್ತಿದ್ದಾರೆ," ಅಂದೆ.

ಆಮೇಲೆ ಬಂತು: "ಊಟ ಆಯ್ತಾ?"

ಈಗ ಕೂತೆ, ನಿಮ್ಮದಾಯ್ತಾ ಎಂದು ಕೇಳಿದೆ. ಕೇಳಿ, ತುತ್ತು ಬಾಯಿಗಿಟ್ಟುಕೊಂಡೆ. ಡಬ್ಬಿ ಅರ್ಧ ಖಾಲಿಯಾಯಿತು. ಅಪ್ಪ ಉತ್ತರ ಹೇಳುತ್ತಿದ್ದರು.